ಒಡಕು ಬಿಸ್ಕತ್ತಿನ ಚೀಲ

೨೦೦೭ನೆಯ ಇಸವಿ, ಜುಲೈ ೧೬, ಸೋಮವಾರ. ಮಳೆಗಾಲ, ಪುನರ್ವಸು ಮಳೆ ಹಿಡಿದು ಹತ್ತು ದಿನಗಳಾಗಿದ್ದವು. ಗೋವೆಯ ವೆರ್ಣಾದ ಗುಡ್ಡದ ಮೇಲಿನ ಕಾರ್ಖಾನೆಗಳ ಕಡೆಯಿಂದ ಹರಿದ ಕೆಂಪು ನೀರು ಇಳಿಜಾರಿನಲ್ಲಿದ್ದ ನಮ್ಮ ಕನ್ನಡ ಶಾಲೆಯ ಅಂಗಳದಲ್ಲಿ ನಿಂತಿದ್ದರಿಂದ ಅಂದಿನ ಪ್ರಾರ್ಥನೆಯನ್ನು ವರಾಂಡದಲ್ಲಿ ಮಾಡಿಸಬೇಕಾಯಿತು. ಆ ಶಾಲೆಯ ಮುಖ್ಯಾಧ್ಯಾಪಕನಾಗಿದ್ದ ನಾನು ಎದುರಿಗೇ ನಿಂತಿದ್ದೆ. ಪ್ರಾರ್ಥನೆ ಅರ್ಧಕ್ಕೆ ಬರುವಷ್ಟರಲ್ಲಿ ಎರಡನೆಯ ಇಯತ್ತೆಯ ಸಾಲಿನಿಂದ ಸಿಮ್ರನ ಎಂಬ ಏಳು ವರ್ಷದ ಹುಡುಗಿ ಸದ್ದಿಲ್ಲದೆ ಕುಸಿದು ಬಿದ್ದಳು.

ಎತ್ತಿ ಬೆಂಚಿನ ಮೇಲೆ ಮಲಗಿಸಿ ಅವಳ ಕಣ್ಣಿನ ಕೆಳರೆಪ್ಪೆಯನ್ನು ಜಗ್ಗಿ ನೋಡಿದೆ. ಒಳಗೆ ಕೆಂಪೇ ಇರಲಿಲ್ಲ. ಬೆಳಿಗ್ಗೆ ಏನು ತಿಂದೆಯೆಂದು ಕೇಳಿದೆ.

“ಚಾ ಬಿಸ್ಕೀಟ್ರಿ ಸರ್.”

“ನಿನ್ನೆ ರಾತ್ರಿ?”

“ಬಿಸ್ಕೀಟ್ರಿ. ಚಾ ಇರಲಿಲ್ರಿ.”

ನಮ್ಮದು ಅನುದಾನವಿಲ್ಲದ ಶಾಲೆ. ಮಧ್ಯಾಹ್ನದ ಊಟ ಇರಲಿಲ್ಲ. ಅವಳ ಪಾಟೀಚೀಲದಲ್ಲಿ ಮಧ್ಯಾಹ್ನಕ್ಕೆಂದು ಇಟ್ಟುಕೊಂಡಿದ್ದೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಬಿಸ್ಕತ್ತಿನ ತುಂಡುಗಳೇ.

ಈ ಹುಡುಗಿಯ ತಾಯಿ ಅಖ್ತರಬಾನು. ಹುನಗುಂದ ತಾಲೂಕಿನವಳು. ಗಂಡ ಹಾರೂನನೊಡನೆ ಗೋವೆಗೆ ಬಂದ ದಿನವನ್ನು ಆಕೆ “ಉರುಸಿನ ಮುಂದಿನ ವಾರ” ಎಂದಷ್ಟೇ ಹೇಳುತ್ತಿದ್ದಳು. ಹಾರೂನನನ್ನು ವಿಚಾರಿಸಿ ನಾನು ಖಚಿತಪಡಿಸಿಕೊಂಡಂತೆ ಅದು ೧೧ ಜನವರಿ ೧೯೯೯. ಮೊದಲ ನಾಲ್ಕು ವರ್ಷ ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತಳು. ೨೦೦೩ರ ಜೂನ್ ೨ರಂದು ವೆರ್ಣಾದ ಒಂದು ಬಿಸ್ಕತ್ತಿನ ಕಾರ್ಖಾನೆಯಲ್ಲಿ, ಪೊಟ್ಟಣ ಕಟ್ಟುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ಹಾರೂನ ಅಷ್ಟರಲ್ಲಿ ಬೇರೊಂದು ಕಂಪನಿಯ ಬಸ್ಸಿಗೆ ಚಾಲಕನಾಗಿದ್ದ. ಆಕೆಗೆ ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ. ಬೆಳಗಿನ ಪಾಳಿಗೆ ಹೊತ್ತು ಹುಟ್ಟುವ ಮೊದಲೇ ಹೊರಡಬೇಕು. ಮಧ್ಯಾಹ್ನದ ಪಾಳಿ ಮುಗಿಸಿ ಬರುವಾಗ ಮಗು ಮಲಗಿರುತ್ತಿತ್ತು. ಹಾರೂನನಾದರೋ ಎಲ್ಲ ಪಾಳಿಯ ಜನರನ್ನೂ ತಂದು ಬಿಡುವವನು, ಮನೆಗೆ ಬರುವುದು ನಿದ್ದೆಗೆ ಮಾತ್ರ. ಮಗಳಿಗೆ ಗಂಡ ಉಣ್ಣಿಸಿದ್ದಾನೆಂದು ಹೆಂಡತಿಯೂ, ಹೆಂಡತಿ ಉಣ್ಣಿಸಿದ್ದಾಳೆಂದು ಗಂಡನೂ ತಿಳಿದುಕೊಂಡ ದಿನಗಳು ಕಡಿಮೆಯಲ್ಲ. ಆ ಮಧ್ಯದ ಹೊತ್ತನ್ನೆಲ್ಲ ತುಂಬಿದ್ದು ಬಿಸ್ಕತ್ತು.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ವಾರವಿಡೀ ಯಂತ್ರದಲ್ಲಿ ಮುರಿದ ಬಿಸ್ಕತ್ತುಗಳನ್ನು ಶನಿವಾರ ಪಾಳಿ ಬಿಡುವಾಗ ಹೆಣ್ಣಾಳುಗಳಿಗೆ ಒಂದೊಂದು ಚೀಲ ಪುಕ್ಕಟೆಯಾಗಿ ಹಂಚುತ್ತಿದ್ದರು. ಅಖ್ತರಬಾನು ಇದ್ದ ಬಾಡಿಗೆ ಕೋಣೆಗಳ ಸಾಲಿನಲ್ಲಿ ಪಕ್ಕದ ಕೋಣೆಯ ಸಾವಂತ್ರೆವ್ವನೂ ಅದೇ ವಿಭಾಗದವಳು. ಅವಳ ಮಗ ಸೋಮು ನಮ್ಮ ಶಾಲೆಯ ಮೊದಲನೆಯ ಇಯತ್ತೆಯಲ್ಲಿದ್ದ. ಶನಿವಾರದ ಸಂಜೆ ಈ ಹೆಂಗಸರು ಚೀಲ ಹಿಡಿದು ಬಸ್ಸಿನಿಂದ ಇಳಿದರೆ ಸಾಲಿನ ಮಕ್ಕಳೆಲ್ಲ ಎದುರು ಓಡುತ್ತಿದ್ದವು.

ಮಗು ಬಿದ್ದ ದಿನ ಕಾರ್ಖಾನೆಯ ಗೇಟಿಗೆ ಫೋನು ಮಾಡಿಸಿದರೂ ಸುದ್ದಿ ತಾಯಿಗೆ ಮುಟ್ಟಿದ್ದು ಪಾಳಿ ಬಿಟ್ಟ ಮೇಲೆ. ಹೀಗಾಗಿ ಮರುದಿನ ತಾಯಿ-ಮಗಳನ್ನು ಆರೋಗ್ಯ ಕೇಂದ್ರಕ್ಕೆ ನಾನೇ ಕರೆದುಕೊಂಡು ಹೋದೆ. ಅಲ್ಲಿಯ ವೈದ್ಯೆ ಬೆಳಗಾವಿಯ ಕಡೆಯವರು, ನಿಷ್ಠುರ ಮಾತಿನವರು. ರಕ್ತ ಪರೀಕ್ಷೆಯಲ್ಲಿ, ಹನ್ನೊಂದೂವರೆಯಾದರೂ ಇರಬೇಕಾದ ಹಿಮೋಗ್ಲೋಬಿನ್ ೬.೮ ಬಂದಿತು. ಮಗು ಏನೇನು ತಿನ್ನುತ್ತದೆಂದು ಕೇಳಿ, ಉತ್ತರ ಕೇಳಿಸಿಕೊಂಡು, ಪೆನ್ನು ಕೆಳಗಿಟ್ಟರು.

“ಬಾಯಾರ, ಅದು ಪ್ಯಾಟಿ ಮಾಲಲ್ರಿ, ನಮ್ಮ ಫ್ಯಾಕ್ಟರೀದು,” ಎಂದಳು ಅಖ್ತರಬಾನು. ಅವಳ ದನಿಯಲ್ಲಿ ಹೆಮ್ಮೆಯಿತ್ತು. “ನಾ ಕಣ್ಣಾರೆ ನೋಡೇನ್ರಿ. ಕೈ ಸುದ್ದಾ ಹಚ್ಚಂಗಿಲ್ಲ. ತಲಿಗೆ ಟೊಪಗಿ, ಕೈಗೆ ಗ್ಲೌಜು, ಬಾಯಿಗೆ ಬಟ್ಟಿ. ನೆಲದ ಮ್ಯಾಲ ಒಂದ್ ಇರಿವಿ ಸಿಗಂಗಿಲ್ರಿ. ನಮ್ಮ ಮನ್ಯಾಗ ಮ್ಯಾಲಿಂದ ಸೋರತೈತಿ, ಕೆಳಗ ಗಟಾರ. ಅಲ್ಲೆ ಮಾಡಿದ ರೊಟ್ಟಿಗಿಂತ ಇದು ಚಲೋ ಅಲ್ಲೇನ್ರಿ?”

“ಸ್ವಚ್ಛ ಐತಿ, ಒಪ್ಪಿದೆ. ಈ ನನ್ನ ಬಾಟಲ್ಯಾಗಿನ ಹತ್ತೀನೂ ಸ್ವಚ್ಛ ಐತಿ. ತಿನಸ್ತೀ ಏನು?”

ಅಖ್ತರಬಾನು ಮಗಳನ್ನು ಹತ್ತಿರ ಎಳೆದುಕೊಂಡಳು.

“ಮೈದಾ, ಸಕ್ಕರಿ, ಎಣ್ಣಿ. ಹೊಟ್ಟಿ ತುಂಬತದ, ರಕ್ತ ಆಗೂದಿಲ್ಲ. ಮ್ಯಾಲ ಚಾ ಬ್ಯಾರೆ. ಇದ್ದ ಕಬ್ಬಿಣಾಂಶಾನೂ ಮೈಗೆ ಹತ್ತಗೊಡೂದಿಲ್ಲ. ನಿಮ್ಮೂರಾಗ ಏನ್ ಉಣ್ತಿದ್ರಿ?”

“ಜ್ವಾಳದ ರೊಟ್ಟಿ, ಪುಂಡಿಪಲ್ಲೆ, ಮಡಕಿಕಾಳು... ಬಡವರ ಊಟ್ರಿ ಬಾಯಾರ.”

“ಅದನ್ನ ಉಣಸು. ನಡುವ ಹಸಿವಾದ್ರ ಪುಟಾಣಿ, ಶೇಂಗಾ, ಬೆಲ್ಲ ಕೊಡು. ವಾರಕ್ಕೆರಡು ಮೂರು ತತ್ತಿ ಕುದಿಸಿ ಕೊಡು. ಹೊತ್ತಿಗೆ ಸರಿಯಾಗಿ ಕೊಡಬೇಕು, ನೆನಪಾದಾಗ ಅಲ್ಲ.”

ಅಂದಿನಿಂದ ಆಕೆ ಮಾಡಿದ ಪ್ರಯತ್ನವನ್ನು ಅಲ್ಲಗಳೆಯುವಂತಿಲ್ಲ. ರಾತ್ರಿ ಮಡಕಿಕಾಳು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದಳು. ಬೆಳಗಿನ ಪಾಳಿಯ ವಾರ ರೊಟ್ಟಿ ಬಡಿಯಲು ಹೊತ್ತಿಲ್ಲದಾಗ ಹಾರೂನನನ್ನೇ ಒಲೆಯ ಮುಂದೆ ಕೂರಿಸಿದಳು. “ಅವ್ರು ಬಡದ ರೊಟ್ಟಿ ಬಸ್ಸಿನ ಗಾಲಿಗೆ ಪಂಚರ್ ಹಚ್ಚಾಕ ಬರ್ತಿತ್ರಿ ಸರ್,” ಎಂದು ಆಕೆ ನಕ್ಕದ್ದುಂಟು. ಆ ಕುಟುಂಬದಲ್ಲಿ ನಾನು ಕಂಡ ನಗು ಬಹುತೇಕ ಅದೊಂದೇ. ಸಿಹಿಗೆ ಒಗ್ಗಿದ ಹುಡುಗಿ ರೊಟ್ಟಿಯನ್ನು ಬಾಯಲ್ಲಿಟ್ಟುಕೊಂಡು ಕೂರುತ್ತಿದ್ದಳು. ತಾಯಿ ಇಲ್ಲದ ಹೊತ್ತಿನಲ್ಲಿ ಪಕ್ಕದ ಕೋಣೆಗೆ ಹೋಗಿ ಸೋಮುವಿನ ಬಿಸ್ಕತ್ತು ತಿನ್ನುತ್ತಿದ್ದಳು. ಸೆಪ್ಟೆಂಬರ್ ೧೭ರಂದು ಮತ್ತೆ ಪರೀಕ್ಷಿಸಿದಾಗ ೭.೧. ಎದುರಿಗೆ ಕೂತು ಉಣ್ಣಿಸುವವರಿಲ್ಲದೆ ಇದು ಸುಧಾರಿಸದು, ಹೀಗೇ ಬಿಟ್ಟರೆ ವರ್ಷ ಮುಗಿಯುವುದರೊಳಗೆ ಆಸ್ಪತ್ರೆಗೆ ಸೇರಿಸಿ ರಕ್ತ ಕೊಡಿಸಬೇಕಾದೀತು ಎಂದು ವೈದ್ಯೆ ಹೇಳಿಬಿಟ್ಟರು.

ಅದಕ್ಕೆ ಇದ್ದುದು ಒಂದೇ ದಾರಿ. ಕಾರ್ಖಾನೆಯಲ್ಲಿ ಕೆಲವರಿಗೆ ಜನರಲ್ ಶಿಫ್ಟ್ ಇತ್ತು: ಹಗಲಿನ ಕೆಲಸ, ಬೆಳಿಗ್ಗೆಯೂ ಸಂಜೆಯೂ ಮನೆ. ಅಖ್ತರಬಾನು ಅದನ್ನು ಕೇಳಿದಳು. ಆದರೆ ಕೇಳುವ ಮೊದಲೇ ಒಂದು ಮಾತು ಆಡಿಬಿಟ್ಟಿದ್ದಳು. ಊಟದ ಬಿಡುವಿನಲ್ಲಿ ಜೊತೆಯ ಹೆಂಗಸರಿಗೆ, “ಇದು ಊಟ ಅಲ್ರವಾ, ನಿಮ್ಮ ಹುಡುಗ್ರಿಗೂ ಹಾಕಬ್ಯಾಡ್ರಿ, ರಕ್ತ ಕಡಿಮಿ ಆಗತೈತಂತ,” ಎಂದಿದ್ದಳು. ಮಾತು ಮೇಲಿನವರ ಕಿವಿಗೆ ಹೋಯಿತು. ಸೆಪ್ಟೆಂಬರ್ ೨೯, ಶನಿವಾರ, ಪಾಳಿ ಬಿಟ್ಟಾಗ ಚೀಲಗಳಿರಲಿಲ್ಲ. ಮಾಲಿನ ಬಗ್ಗೆ ಆಳುಗಳಿಗೇ ಅನುಮಾನವಿರುವುದರಿಂದ ಹಂಚಿಕೆ ನಿಲ್ಲಿಸಲಾಗಿದೆ ಎಂದು ಫಲಕದ ಮೇಲೆ ಬರೆದಿತ್ತು.

ಮರುದಿನ ನೀರಿನ ನಲ್ಲಿಯ ಹತ್ತಿರ ಸಾವಂತ್ರೆವ್ವ ಕೊಡ ಕುಕ್ಕಿ ನಿಂತಳು.

“ನಿನ್ನ ಮಗಳು ನಾಕ ವರ್ಷ ತಿಂದು ತೇಗಿದ್ಲು. ಈಗ ನಮ್ಮ ಹುಡುಗ್ರ ಬಾಯಾಗ ಮಣ್ಣ ಹಾಕಿದೇನವಾ?”

“ಅಕ್ಕಾ, ಡಾಕ್ಟರ್ ಬಾಯಿ ಹೇಳಿದ್ದನ್ನ ಹೇಳೇನಿ.”

“ಡಾಕ್ಟರ್ ಬಾಯಿ ಬಂದು ನನ್ನ ಮಗಗ ನಾಷ್ಟಾ ಮಾಡ್ತಾಳೇನು? ನಾ ಪಾಳಿಗೆ ಹೋದ್ರ ಅವ ಏನ್ ತಿನಬೇಕು, ನಿನ್ನ ಮಾತ ತಿನಬೇಕೇನು?”

ಹತ್ತು ದಿನ ಆ ಸಾಲಿನಲ್ಲಿ ಯಾರೂ ಅಖ್ತರಬಾನುವನ್ನು ಮಾತನಾಡಿಸಲಿಲ್ಲ.

ಆಗ ಸೂಪರ್‌ವೈಸರ್ ಆಕೆಯನ್ನು ಕರೆಸಿದ. ಕೆಟ್ಟ ಮನುಷ್ಯನೇನಲ್ಲ, ಮಾತು ಪೇಟೆಯನ್ನು ಮುಟ್ಟಿದರೆ ತನ್ನ ಕೆಲಸ ಹೋದೀತೆಂಬ ಭಯ ಅವನದು. ಎಲ್ಲ ಹೆಂಗಸರ ಮುಂದೆ ನಿಂತು, ಹೇಳಿದ್ದು ತಪ್ಪೆಂದು ಹೇಳಬೇಕು. ಹೇಳಿದರೆ ಚೀಲಗಳು ತಿರುಗಿ ಬರುತ್ತವೆ, ಆಕೆಗೆ ಜನರಲ್ ಶಿಫ್ಟೂ ಸಿಗುತ್ತದೆ. ಹೇಳದಿದ್ದರೆ ಕೆಲಸವೇ ಇಲ್ಲ. ಕರಾರು ಇಷ್ಟು. ಅಂದರೆ ತನ್ನ ಮಗಳಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಉಣ್ಣಿಸಬೇಕಾದರೆ, ಉಳಿದವರ ಮಕ್ಕಳಿಗೆ ಬಿಸ್ಕತ್ತು ಉಣ್ಣಿಸಿರೆಂದು ಹೇಳಬೇಕು.

ಅಕ್ಟೋಬರ್ ೧೦, ಬುಧವಾರ. ರಮಜಾನ್ ತಿಂಗಳು ಕೊನೆಗೆ ಬಂದಿತ್ತು. ಅಖ್ತರಬಾನು ರೋಜಾ ಉಪವಾಸ ಹಿಡಿದಿದ್ದಳು. ಕ್ಯಾಂಟೀನಿನಲ್ಲಿ ನಡೆದದ್ದನ್ನು ನನಗೆ ಮೊದಲು ಹೇಳಿದವಳು ಸಾವಂತ್ರೆವ್ವ, ಬಹಳ ದಿನಗಳ ನಂತರ ಅಖ್ತರಬಾನುವೇ. ಎರಡೂ ಹೇಳಿಕೆಗಳು ತಾಳೆಯಾಗುತ್ತವೆ. ಸೂಪರ್‌ವೈಸರ್ ಒಂದು ಬಿಸ್ಕತ್ತನ್ನು ಆಕೆಯ ಕೈಗೆ ಕೊಟ್ಟು, ಎಲ್ಲರೆದುರು ತಿನ್ನು ಎಂದ. ಕೂಡಲೇ ಎದ್ದು ನಿಂತವಳು ಸಾವಂತ್ರೆವ್ವ.

“ಅಕೀದು ರೋಜಾ ಐತ್ರಿ ಸಾಹೇಬ್ರ, ತಿನ್ನಸಬ್ಯಾಡ್ರಿ, ಪಾಪ ಬರತೈತಿ. ಬಾಯಿಲೆ ಹೇಳಿದ್ರ ಸಾಕು.”

ಅಖ್ತರಬಾನು ಬಿಸ್ಕತ್ತನ್ನು ಮೇಜಿನ ಮೇಲಿಟ್ಟಳು. “ನಮ್ಮ ಬಿಸ್ಕೀಟ ಚಲೋ ಅದಾವ್ರಿ. ಮಕ್ಕಳಿಗೆ ಹಾಕ್ರಿ. ನನ್ನ ಮಗಳಿಗೆ ಬ್ಯಾರೇ ಬ್ಯಾನಿ ಇತ್ತು,” ಎಂದಳು.

ಆ ಸಂಜೆ ರೋಜಾ ಬಿಡುವಾಗ ಆಕೆ ಖರ್ಜೂರವನ್ನು ಮುಟ್ಟದೆ ನೀರನ್ನಷ್ಟೇ ಕುಡಿದಳೆಂದು ಹಾರೂನ ಹೇಳಿದ್ದಾನೆ.

ಈದ್ ಮುಗಿದ ಮೇಲೆ, ಅಕ್ಟೋಬರ್ ೧೭ರಿಂದ, ಆಕೆಗೆ ಜನರಲ್ ಶಿಫ್ಟ್ ಆಯಿತು. ಚೀಲಗಳು ಬಂದವು. ನಲ್ಲಿಯ ಹತ್ತಿರ ಮಾತುಗಳು ಮರಳಿದವು. ಸಿಮ್ರನಳ ಎದುರು ಕೂತು ತಾಯಿ ರೊಟ್ಟಿ ಉಣ್ಣಿಸಿದಳು; ಶಾಲೆಯ ಡಬ್ಬಿಯಲ್ಲಿ ಪುಂಡಿಸೊಪ್ಪಿನ ಪಲ್ಯ ಬಂತು, ಕೆಲವು ದಿನ ಕುದಿಸಿದ ತತ್ತಿ ಬಂತು. ತನ್ನ ಪಾಲಿನ ಚೀಲವನ್ನು ಬೇಡವೆಂದರೆ ಕಾರ್ಖಾನೆಯಲ್ಲಿ ಪ್ರಶ್ನೆ ಏಳುತ್ತಿತ್ತು. ತಿನ್ನುವ ವಸ್ತುವನ್ನು ಚೆಲ್ಲಲು ಮನಸ್ಸು ಬಾರದು. ಆದ್ದರಿಂದ ಶನಿವಾರ ಸಂಜೆ ಅದನ್ನು ಹಾಗೆಯೇ ಪಕ್ಕದ ಕೋಣೆಗೆ ಕೊಟ್ಟುಬಿಡುತ್ತಿದ್ದಳು. “ನಮ್ಮನ್ಯಾಗ ಉಳದೈತಿ, ಸೋಮೂಗ ಇರ್ಲಿ ಅಕ್ಕಾ.” ಸೋಮುವಿನ ಮನೆಯಲ್ಲಿ ಹೀಗೆ ವಾರಕ್ಕೆ ಎರಡು ಚೀಲಗಳಾದವು.

೨೦೦೮ರ ಜನವರಿ ೨೬ರಂದು, ಧ್ವಜವಂದನೆಯ ನಂತರ ಪಾಲಕರ ಸಭೆ ಕರೆದು, ಮಕ್ಕಳ ಡಬ್ಬಿಯಲ್ಲಿ ಬಿಸ್ಕತ್ತು ಕಳಿಸಕೂಡದೆಂದು ನಾನು ಕಾರಣಸಹಿತ ಹೇಳಿದೆ. ರೊಟ್ಟಿ ಬಡಿಯಲು ಹೊತ್ತಿಲ್ಲದವರು ಹಿಂದಿನ ದಿನವೇ ಕಾಳು ನೆನೆಹಾಕಲಿ, ಅದೂ ಆಗದವರು ಶೇಂಗಾ-ಬೆಲ್ಲ ಕೊಡಲಿ ಎಂದೆ. ಸಾವಂತ್ರೆವ್ವ ಎದ್ದು ನಿಂತಳು.

“ಸರ್, ನೀವು ಪುಸ್ತಕ ನೋಡಿ ಹೇಳ್ತೀರಿ. ಅಖ್ತರಬಾನು ಅಲ್ಲೇ ದುಡಿಯಾಕಿ. ರೋಜಾದಾಗ ನಿಂತು ಹೇಳ್ಯಾಳ, ಚಲೋ ಅದಾವಂತ. ಉಪಾಸ ಇದ್ದಾಕಿ ಸುಳ್ಳ ಹೇಳ್ತಾಳೇನ್ರಿ?”

ಪಾಲಕರೆಲ್ಲ ಹೌದೆಂದು ತಲೆಯಾಡಿಸಿದರು. ಆರೋಗ್ಯ ಕೇಂದ್ರದಲ್ಲಿ ಕೇಳಿದ್ದನ್ನು ನೀವೇ ಇವರಿಗೆ ಹೇಳಿರೆಂದು ನಾನು ಅಖ್ತರಬಾನುವನ್ನು ಎಬ್ಬಿಸಿದೆ. ಆಕೆಯ ಕೈಯಲ್ಲಿ ಮಗಳ ಊಟದ ಡಬ್ಬಿಯಿತ್ತು. “ಸಾವಂತ್ರೆವ್ವಕ್ಕ ಹೇಳಿದ್ದು ಖರೇ ಐತ್ರಿ ಸರ್,” ಎಂದು ಕೂತುಬಿಟ್ಟಳು. ಆ ಮೇಲೆ ನನ್ನ ಮಾತಿಗೆ ಅಲ್ಲಿ ಬೆಲೆ ಉಳಿಯಲಿಲ್ಲ.

ಅದೇ ವರ್ಷ ನವೆಂಬರ್ ೧೮, ಮಂಗಳವಾರ, ಸೋಮು ಶಾಲೆಯ ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುತ್ತ ಕೂತ. ಹಿಮೋಗ್ಲೋಬಿನ್ ೪.೯. ಅಂದೇ ದೊಡ್ಡ ಆಸ್ಪತ್ರೆಗೆ ಕಳಿಸಿ ರಕ್ತ ಕೊಡಿಸಬೇಕಾಯಿತು. ಕಳಿಸುವ ಮೊದಲು ಆ ವೈದ್ಯೆ ಸಾವಂತ್ರೆವ್ವನಿಗೆ ಹೇಳಿದರಂತೆ: “ಹೋದ ವರ್ಷ ನಿಮ್ಮ ಸಾಲಿನಾಕೀನ ಒಬ್ಬಾಕಿ ಬಂದಿದ್ಲು, ಇದೇ ಬಿಸ್ಕೀಟು. ಅಕಿ ಮಾತು ಕೇಳಿ ಬಿಡಿಸಿದ್ಲು, ಮಗಳು ಆರಾಮ ಆದ್ಲು. ನೀ ಯಾಕ ಕೇಳಲಿಲ್ಲ?”

ಮಗ ಮನೆಗೆ ಬಂದ ಮೇಲೆ, ನವೆಂಬರ್ ೩೦ರ ಭಾನುವಾರ ಅವನನ್ನು ನೋಡಲೆಂದು ಹೋದ ನಾನು ಬಾಗಿಲ ಹೊರಗೇ ನಿಂತುಬಿಟ್ಟೆ. ಅಖ್ತರಬಾನುವೂ ಸಾವಂತ್ರೆವ್ವನೂ ನಲ್ಲಿಯ ಹತ್ತಿರ ಎದುರುಬದುರಾಗಿದ್ದರು. ಸಾವಂತ್ರೆವ್ವ ಕೂಗಲಿಲ್ಲ.

“ನಿನ್ನ ಮಗಳಿಗೆ ಬ್ಯಾಡಾದದ್ದು ನನ್ನ ಮಗಗ ಹೆಂಗ ಕೊಟ್ಟಿ? ನಿನ್ನ ಪಾಲಿಂದೂ ತಂದು ಅವನ ಮುಂದ ಸುರವಿದೆಲ್ಲ.”

“ನಾ ಮೊದಲ ಖರೇನ ಹೇಳಿದ್ದೆ ಅಕ್ಕಾ. ಆವಾಗ ನೀವೆಲ್ಲಾರೂ ಮಾತು ಬಿಟ್ರಿ. ಚೀಲ ಯಾವಾಗ ಬರತೈತಿ ಅಂತ ಕೇಳಿದ್ರಿ. ಡಾಕ್ಟರ್ ಬಾಯಿ ಏನ್ ಹೇಳಿದ್ಲು ಅಂತ ಒಬ್ರೂ ಕೇಳಲಿಲ್ಲ.”

“ರೋಜಾ ಹಿಡಿದಿದ್ದೀ ಅಂತ ನಂಬಿದೆ.”

ಅಖ್ತರಬಾನು ಬಗ್ಗಿ ಕೊಡ ಎತ್ತಿಕೊಂಡಳು. ಕೊಡ ಇನ್ನೂ ಅರ್ಧವೂ ತುಂಬಿರಲಿಲ್ಲ. “ನನಗ ಒಬ್ಬಾಕೀನ ಮಗಳು ಅಕ್ಕಾ,” ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಂತರ ನಡೆದದ್ದು ಇಷ್ಟು. ಸಾವಂತ್ರೆವ್ವ ೨೦೦೮ರ ಡಿಸೆಂಬರ್ ೩೧ರಂದು ಕಾರ್ಖಾನೆಯ ಕೆಲಸ ಬಿಟ್ಟು, ಮಗನನ್ನು ಕರೆದುಕೊಂಡು ಬಾದಾಮಿಯ ಹತ್ತಿರದ ತನ್ನ ತವರಿಗೆ ಹೋದಳು. ಗಂಡ ಹೇಮಪ್ಪ ಬಂದರಿನ ಕೂಲಿಗಾಗಿ ಇಲ್ಲಿಯೇ ಉಳಿದ. ಸೋಮು ಒಂದು ವರ್ಷ ಶಾಲೆ ತಪ್ಪಿಸಿಕೊಂಡು, ೨೦೧೦ರ ಜೂನ್‌ನಲ್ಲಿ ಅಲ್ಲಿಯ ಶಾಲೆಯಲ್ಲಿ ಮತ್ತೆ ಎರಡನೆಯ ಇಯತ್ತೆಗೆ ಸೇರಿದನೆಂದು ಹೇಮಪ್ಪ ತಿಳಿಸಿದ. ನಾನು ೨೦೦೯ರ ಮೇ ೩೧ರಂದು ನಿವೃತ್ತನಾದೆ. ೨೦೧೦ರ ಮಾರ್ಚ್‌ನಲ್ಲಿ ಕಾರ್ಖಾನೆಗೆ ಹೊಸ ಯಂತ್ರ ಬಂದು, ಒಡಕು ಕಡಿಮೆಯಾಗಿ, ಶನಿವಾರದ ಚೀಲ ತಾನಾಗಿ ನಿಂತಿತು. ಸಾಲಿನ ಮಕ್ಕಳಿಗೆ ಅಂಗಡಿಯಿಂದ ಬಿಸ್ಕತ್ತಿನ ಪೊಟ್ಟಣ ತರುವುದು ರೂಢಿಯಾಯಿತು. ಸಿಮ್ರನಳ ಹಿಮೋಗ್ಲೋಬಿನ್ ೨೦೧೧ರ ಆಗಸ್ಟ್‌ನಲ್ಲಿ ೧೧.೬ ಇತ್ತು, ೨೦೧೨ರ ಏಪ್ರಿಲ್‌ನಲ್ಲಿ ಅವಳು ಆರನೆಯ ಇಯತ್ತೆಯಲ್ಲಿ ತೇರ್ಗಡೆಯಾದಳು. ಅಖ್ತರಬಾನು ಅದೇ ಕಾರ್ಖಾನೆಯಲ್ಲಿ, ಅದೇ ಜನರಲ್ ಶಿಫ್ಟಿನಲ್ಲಿದ್ದಾಳೆ. ಪಕ್ಕದ ಕೋಣೆಗೆ ಈಗ ಬೇರೆ ಬಾಡಿಗೆದಾರರು ಬಂದಿದ್ದಾರೆ.