ಓಬಳಮ್ಮ ಪೂರಿ ತಿಂದದ್ದು

ಕಂಡಕ್ಟರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಾಲಪ್ಪ, ಓಬಳಮ್ಮನನ್ನು ಮುದ್ದೆ ಮಾರುವವಳು ಅಂದುಕೊಂಡಿದ್ದ. ತಪ್ಪು ತನ್ನದಲ್ಲ, ಹಸಿವಿನದು ಎಂದು ಈಗಲೂ ವಾದಿಸುತ್ತಾನೆ. ಎಪ್ಪತ್ತೊಂಬತ್ತನೇ ಇಸವಿ. ಬಡವನಹಳ್ಳಿ ಕಡೆಯಿಂದ ಬಂದ ಪ್ರೈವೇಟ್ ಬಸ್ಸು ಮಧುಗಿರಿಯಲ್ಲಿ ನಿಂತಿತ್ತು. ಸ್ಟ್ಯಾಂಡಿನ ಹುಣಸೆಮರದ ಕೆಳಗೆ ಮುದುಕಿಯೊಬ್ಬಳು ಬುಟ್ಟಿ ಬಿಚ್ಚಿ, ಮುದ್ದೆ, ಹುರುಳಿ ಸಾರು ಹರಡಿಕೊಂಡು ಕೂತಿದ್ದಳು. ಎದುರಿಗೆ ಕರಿಕಂಬಳಿ ಹೊದ್ದ ಮುದುಕನೊಬ್ಬ ಉಣ್ಣುತ್ತಿದ್ದ. ಗಿರಾಕಿ ಇರಬೇಕೆಂದು ಪಾಲಪ್ಪ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, "ನಂಗೂ ಒಂದು ಮುದ್ದೆ ಇಕ್ಕಮ್ಮ, ಸಾರು ಜಾಸ್ತಿ ಇರ್ಲಿ" ಎಂದ. ಅವಳು ಇಕ್ಕಿದಳು. ಉಂಡು, ಕೈ ತೊಳೆದು, ಎಷ್ಟಾಯಿತು ಎಂದು ಕೇಳಿದ್ದೇ ತಡ, ಮುದುಕ ಕಂಬಳಿ ಕೊಡವಿ ಎದ್ದ.

"ಲೇ, ನಾನು ಹಟ್ಟಿ ಪೂಜಾರಿ ಕದಿರಯ್ಯ ಕಣ್ಲಾ! ಇವ್ಳು ನನ್ನೆಂಡ್ತಿ! ಹೋಟ್ಲು ಮಡಗವ್ಳೆ ಅಂದ್ಕಂಡೇನ್ಲಾ?"

ಉಣ್ಣುವಾಗ ಪೂಜಾರಿ ಮಾತಾಡಬಾರದಂತೆ. ಅಷ್ಟು ಹೊತ್ತೂ ಅವನು ಕಣ್ಣಲ್ಲೇ ಬಯ್ಯುತ್ತಿದ್ದನಂತೆ. ಪಾಲಪ್ಪನ ಕಣ್ಣು ಮುದ್ದೆ ಮೇಲಿತ್ತು.

"ಬುಡು ಅತ್ಲಾಗೆ" ಎಂದಳು ಓಬಳಮ್ಮ. "ಇವ್ನು ಕಾಸಾದ್ರೂ ಕೊಡ್ತೀನಿ ಅಂದ. ನೀನು ಒಂದಿನಾನಾದ್ರೂ ಚೆನ್ನಾಗೈತೆ ಅಂದಿದ್ಯಾ?"

ಆಮೇಲೆ ಆ ಇಬ್ಬರೂ ಬಸ್ಸಿನ ಕಾಯಂ ಗಿರಾಕಿಗಳಾದರು; ಮುಂದಿನ ಸೀಟು, ಮಧ್ಯೆ ಬುಟ್ಟಿ, ದಾರಿಯುದ್ದ ಜಗಳ. ಅವರ ಹಟ್ಟಿಯ ಕಟ್ಟಳೆಯನ್ನು ಓಬಳಮ್ಮನೇ ಪಾಲಪ್ಪನಿಗೆ ಬಿಡಿಸಿ ಹೇಳಿದ್ದಳು. ಪೂಜಾರಿಯಾದವನು ಹೊರಗಡೆ ಬೇಯಿಸಿದ್ದನ್ನು ಮುಟ್ಟುವಂತಿಲ್ಲ. ಹೆಂಡತಿ ಮಾಡಿಕ್ಕಬೇಕು, ಇಲ್ಲವೇ ತಾನೇ ಬೇಯಿಸಿಕೊಳ್ಳಬೇಕು. ಆ ಹೆಂಡತಿಯೂ ಹೋಟೆಲಿನಲ್ಲಿ ಉಂಡರೆ ಮೈಲಿಗೆ. ಮುಂದಿನ ಅಮಾವಾಸ್ಯೆಯವರೆಗೆ ಅವಳು ಅವನ ಒಲೆ ಮುಟ್ಟುವಂತಿಲ್ಲ. ಹಾಗಾಗಿ ಅವನು ಹೋದಲ್ಲೆಲ್ಲ ಅವಳು, ಅವಳು ಹೋದಲ್ಲೆಲ್ಲ ಬುಟ್ಟಿ. ಕೊರಟಗೆರೆಯಲ್ಲಿದ್ದ ಮಗಳ ಬಾಣಂತನಕ್ಕೂ ಅವಳು ಬೆಳಗ್ಗೆ ಹೋಗಿ, ಸಂಜೆ ಎಸರಿಡುವ ಹೊತ್ತಿಗೆ ವಾಪಸು ಬರುತ್ತಿದ್ದಳು.

"ಕೂಸಿಗೆ ಒಂದು ರಾತ್ರಿ ಜೋಗುಳ ಹಾಡ್ಲಿಲ್ಲ ಕಣಪ್ಪ. ಈ ಗಡವನ ಹೊಟ್ಟೆಗೇ ಹಾಡಿದ್ದಾಯ್ತು."

ಎಂಬತ್ತೆರಡರ ಹೊತ್ತಿಗೆ ಅವಳ ಬಲಗೈ ಮಣಿಕಟ್ಟು ಬದನೆಕಾಯಿಯಂತೆ ಊದಿತು. ಮುದ್ದೆ ತಿರುವುವುದನ್ನು ನಿಲ್ಲಿಸದಿದ್ದರೆ ಕೈ ಎತ್ತಲಾರಿರಿ ಎಂದರು ಡಾಕ್ಟರು.

"ಆವಪ್ಪ ಅನ್ನ ಉಣ್ಣೋನು, ಅವನಿಗೇನು ಗೊತ್ತು?" ಎಂದು ಕದಿರಯ್ಯ ಬಸ್ಸು ಹತ್ತಿದ.

ಪಾಲಪ್ಪನಿಗೆ ಸಂಬಳ ಕಡಿಮೆ, ಬುದ್ಧಿವಾದ ಜಾಸ್ತಿ. "ತಾತ, ಪೂಜಾರಿಕೆ ನಿನ್ನ ತಮ್ಮನ ಮಗನಿಗೆ ಬುಟ್ಕೊಡು. ಆಮೇಲೆ ಕೈಲಾದ ದಿನ ಮನೇಲಿ ಉಣ್ಣಿ, ಕೈಲಾಗದ ದಿನ ಹೋಟ್ಲಾಗೆ ಉಣ್ಣಿ" ಎಂದ.

"ಹಬ್ಬ ಕಳೀಲಿ" ಎಂದ ಕದಿರಯ್ಯ. ಹಬ್ಬ ಕಳೆಯಿತು. "ಒಂದು ಹದ ಮಳೆ ಆಗ್ಲಿ" ಎಂದ. ಮಳೆಯೂ ಆಯಿತು. "ಕುರಿ ಉಣ್ಣೆ ಕತ್ತರಿಸಿ ಆಗ್ಲಿ" ಎಂದ.

"ನನ್ನ ಕೈ ಬಿದ್ದೋಗ್ಲಿ ಅನ್ನು, ಅದೊಂದು ಬಾಕಿ" ಎಂದಳು ಓಬಳಮ್ಮ. ಕದಿರಯ್ಯ ಕಿಟಕಿಯಾಚೆ ಯಾರದೋ ಕುರಿಮಂದೆ ನೋಡುತ್ತ, "ಅದ್ರಾಗೆ ಆ ಟಗರು ಚೆನ್ನಾಗೈತೆ" ಎಂದ. ಅವಳು ಊದಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಮಧುಗಿರಿಯಲ್ಲಿ ಇಳಿದು ಕದಿರಯ್ಯ ಕಂಬಳಿ ಮಾರಲು ಸಂತೆಗೆ ಹೋದ. ಮರದ ಕೆಳಗೆ ಓಬಳಮ್ಮ ಸಾರಿನ ಪಾತ್ರೆಯ ಮುಚ್ಚಳ ತೆಗೆಯಲಾರದೆ ಹಲ್ಲು ಕಚ್ಚುತ್ತಿದ್ದಳು. ಪಾಲಪ್ಪ ನೋಡಲಾರದೆ ಹತ್ತಿರ ಬಂದ. "ಬಾರಮ್ಮ, ಏನಾದ್ರೂ ತಿನ್ನೀವಂತೆ" ಎಂದ. ಮಾತು ಮುಗಿಯುವ ಮೊದಲೇ ಅವಳು ಎದ್ದು, ಸೆರಗು ಸಿಕ್ಕಿಸಿ, ಎಡಗೈಲಿ ಬುಟ್ಟಿ ಎತ್ತಿಕೊಂಡು, ಅವನಿಗಿಂತ ಮುಂದೆ ಹೋಟೆಲಿಗೆ ನುಗ್ಗಿದಳು. ಬುದ್ಧಿವಂತನಾಗಿದ್ದರೆ ಅವನಿಗೆ ಅಲ್ಲೇ ಅನುಮಾನ ಬರಬೇಕಿತ್ತು.

ಪೂರಿ ಸಾಗು ಬಂತು. ಉಬ್ಬಿದ ಪೂರಿಯನ್ನು ಅವಳು ಬೆರಳಲ್ಲಿ ಚುಚ್ಚಿ, ಅದು ಉಸಿರು ಬಿಡುವುದನ್ನು ನೋಡಿದಳು. "ಇದ್ನ ಯಾರು ಮಾಡಿದ್ರೋ, ನಾನಂತೂ ಅಲ್ಲ" ಎಂದು ಬಾಯಿಗಿಟ್ಟಳು. ಎರಡನೇ ಪೂರಿ ಮುಗಿಯುವಾಗ ಪಾಲಪ್ಪನಿಗೆ ಕಟ್ಟಳೆ ನೆನಪಾಯಿತು.

"ಅಯ್ಯಯ್ಯೋ! ನೀನು ಹೊರಗಡೆ ಉಣ್ಣಂಗಿಲ್ವಲ್ಲಮ್ಮ!"

"ಈಗ ಗ್ಯಾಪ್ಕ ಬಂತಾ? ಅಂಗಾರೆ ಇನ್ನೊಂದು ಪ್ಲೇಟ್ ಹೇಳು."

ಅವಳು ಬಾಯಿ ಒರೆಸಿಕೊಳ್ಳುತ್ತ ಹೋಟೆಲಿನ ಮೆಟ್ಟಿಲಿಳಿಯುವುದಕ್ಕೂ ಕದಿರಯ್ಯ ಎದುರಾಗುವುದಕ್ಕೂ ಸರಿಹೋಯಿತು. ಬಸ್ಸಿನಲ್ಲಿ ಕೂತವರೆಲ್ಲ ಕಿಟಕಿಗೆ ಬಂದರು. ಪಾಲಪ್ಪ ತನ್ನ ಚೀಲದೊಳಗೆ ತಲೆ ತೂರಿಸಿ ಟಿಕೆಟ್ ಹುಡುಕತೊಡಗಿದ.

"ಹೋಟ್ಲಾಗೆ ತಿಂದ್ಯೇನೇ? ಇನ್ನ ಅಮಾಸೆ ಗಂಟ ನಾನೇ ಎಸರಿಟ್ಕಂಡು ತಿರುವ್ಕಬೇಕೇನೇ? ಎಲ್ಲಾ ಗೊತ್ತಿದ್ದೂ ಯಾಕೆ ತಿಂದೆ? ಈ ವಯಸ್ನಾಗೆ ನಾಲಿಗೆ ಚಪಲವಾ?"

ಓಬಳಮ್ಮ ಖಾಲಿಯಾಗದ ಬುಟ್ಟಿಯನ್ನು ಎತ್ತಿ ಅವನ ಕೈಗಿಟ್ಟಳು.

"ಕೈ ನೋಯ್ತೈತೆ ಅಂದ್ರೆ ನಿಂಗೆ ಕೇಳಿಸ್ಲಿಲ್ಲ. ಮೈಲಿಗೆ ಅಂದ್ರೆ ಕೇಳಿಸ್ತೈತೆ. ಅದ್ಕೇ ತಿಂದೆ."