ಮೂವತ್ತೊಂದನೇ ಚಿಪ್ಪು

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆಮೇಲೆ ಇಪ್ಪತ್ತೆರಡು ವರ್ಷ ಮೈಸೂರಿನಲ್ಲಿ ಬೀಟೆ ಮರದ ಮೇಲೆ ಚಿಪ್ಪು, ಮೂಳೆ, ಬಣ್ಣದ ಮರ ಕೂರಿಸುವ ಇನ್‌ಲೇ ಕೆಲಸಕ್ಕೆ ಕೂತೆ. ನಮ್ಮ ಉಸ್ತಾದರ ಪಾಠ ಒಂದೇ: ಕೂರಿಸಿದ್ದು ಕಾಣಬೇಕು, ಕೂರಿಸಿದವನು ಕಾಣಬಾರದು. ರಿಪೇರಿಗೆ ಬಂದ ಮೇಜಿನಲ್ಲಿ ಎಲ್ಲಿ ಒಡೆದಿತ್ತು ಅಂತ ಅದರ ಮಾಲೀಕನೇ ಹುಡುಕಿ ಸೋತರೆ ಅವತ್ತು ನಮಗೆ ಒಂದು ಚಹಾ ಹೆಚ್ಚು ಸಿಗುತ್ತಿತ್ತು.

ಈಗ ಕಡಲು ದಾಟಿ ಬಂದು, ಈಸ್ಟ್ ತಮಾಕಿ ಅನ್ನುವ ಕಡೆ ಒಂದು ಫ್ಯಾಕ್ಟರಿಯಲ್ಲಿ ಅಡುಗೆಮನೆ ಕಪಾಟು ಮಾಡುತ್ತೇನೆ. ಬಿಳಿ ಹಲಗೆಯ ಅಂಚಿಗೆ ಬಿಳಿ ಪಟ್ಟಿ ಅಂಟಿಸುವ ಕೆಲಸ. ಅದಕ್ಕೆ ಮೂರು ದಿನ ಟ್ರೈನಿಂಗ್ ಕೊಟ್ಟು ಸರ್ಟಿಫಿಕೇಟನ್ನೂ ಕೊಟ್ಟರು. ಇನ್‌ಲೇ ಕೆಲಸಕ್ಕೆ ಯಾರೂ ಕೊಟ್ಟಿರಲಿಲ್ಲ. ಶನಿವಾರ ಮಾತ್ರ ತಕಾನಿನಿಯಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ, ಇಲ್ಲಿನ ಕಡಲಲ್ಲಿ ಸಿಗುವ ನೀಲಿ ಹೊಳಪಿನ ಪಾವಾ ಚಿಪ್ಪು ಕೂರಿಸಿ ಸಣ್ಣ ಪೆಟ್ಟಿಗೆ ಮಾಡುತ್ತೇನೆ. "ಚಿಪ್ಪಿಗೆ ಮನೆ ಇದೆ, ಕಾರು ಮಾತ್ರ ಮಳೇಲಿ ನೆನೀಲಿ," ಅನ್ನುತ್ತಾಳೆ ಹೆಂಡತಿ.

ಅಂಥ ಒಂದು ಪೆಟ್ಟಿಗೆಯನ್ನು ಭಾನುವಾರದ ಸಂತೆಯಲ್ಲಿ ಒಬ್ಬ ಮೇಡಂ ತಿರುಗಿಸಿ ತಿರುಗಿಸಿ ನೋಡಿದರು. ಬೆಂಗಳೂರಿನವರು. ಹಳೆಯ ಕಾಲದ ವಸ್ತುಗಳನ್ನು ಸರಿಪಡಿಸುವುದನ್ನೇ ಓದಿ ಬಂದವರು.

"ಅಂಕಲ್, ಇದನ್ನ ಕೈಯಲ್ಲೇ ಮಾಡಿದ್ದಾ?"

"ಕಾಲಲ್ಲಿ ಮಾಡೋದು ಇನ್ನೂ ಕಲಿತಿಲ್ಲ ಮೇಡಂ."

ನಕ್ಕರು, ಪೆಟ್ಟಿಗೆ ತಗೊಂಡರು, ಮುಂದಿನ ವಾರ ಫೋನೂ ಮಾಡಿದರು. ಟೌರಂಗಾ ಊರಿನ ಒಬ್ಬ ಮುದುಕರ ಮನೆಯಲ್ಲಿ, ಅವರ ತಾತ ಹಡಗಿನಲ್ಲಿ ದುಡಿಯುತ್ತಿದ್ದಾಗ ಎಲ್ಲಿಂದಲೋ ತಂದ ಒಂದು ಡಬ್ಬಿ ಇತ್ತಂತೆ. ಒಳಗಿದ್ದದ್ದು ಮಾಯಾ ಜನರದ್ದು. ಮಧ್ಯ ಅಮೆರಿಕದಲ್ಲಿ ಸಾವಿರಾರು ವರ್ಷದ ಹಿಂದೆ ಕಲ್ಲಿನ ಊರು ಕಟ್ಟಿದವರು ಅಂತ ಮೇಡಂ ವಿವರಿಸಿದರು. ಹೆಗಲ ಮೇಲೆ ಹೊದೆಯುವ ಒಂದು ಉಡುಪು. ಅದರ ಮೈತುಂಬ ಚಿಪ್ಪಿನಿಂದ ಕತ್ತರಿಸಿದ ತೆಳು ತಟ್ಟೆಗಳನ್ನು ಹೊಲಿದದ್ದು. ಬಟ್ಟೆ ಅಂಗೈಯಷ್ಟು ಉಳಿದಿತ್ತು, ದಾರ ಪುಡಿಯಾಗಿತ್ತು, ಚಿಪ್ಪುಗಳು ರಾಶಿ ಬಿದ್ದಿದ್ದವು. ಮುದುಕರು ಅದನ್ನು ಆ ದೇಶಕ್ಕೇ ಹಿಂದಿರುಗಿಸಲು ಒಪ್ಪಿದ್ದರು. ಅಷ್ಟರೊಳಗೆ ಚಿಪ್ಪುಗಳನ್ನು ತೊಳೆದು, ಹೊಸ ಬಟ್ಟೆಯ ಮೇಲೆ ಸಾಲಾಗಿ ಕಟ್ಟಿಕೊಡುವುದು ಮೇಡಂ ಕೆಲಸ.

ಕೆಳಸಾಲಿನ ತಟ್ಟೆಗಳು ಬೆರಳಷ್ಟು ಉದ್ದ, ಕಿತ್ತಳೆ ಬಣ್ಣ, ತಲೆಯಲ್ಲಿ ಎರಡು ತೂತು. ಸಾಲು ತುಂಬಲು ಮೂವತ್ತೊಂದು ಬೇಕಿತ್ತು, ಮೂವತ್ತೇ ಇದ್ದವು. ಆ ಒಂದನ್ನು ಮಾಡಲು ನಾನು. ಅದೇ ಜಾತಿಯ ಈಗಿನ ಕಾಲದ ಚಿಪ್ಪೊಂದನ್ನು ಕೊಟ್ಟು ಮೇಡಂ ತಮ್ಮ ವಿದ್ಯೆಯ ನಿಯಮ ಹೇಳಿದರು.

"ಆರಡಿ ದೂರದಿಂದ ನೋಡಿದ್ರೆ ಹೊಸದು ಅಂತ ಕಾಣಬಾರದು ಅಂಕಲ್. ಆರಿಂಚಿಂದ ನೋಡಿದ್ರೆ ಕಾಣಲೇಬೇಕು. ಬಣ್ಣ ಒಂಚೂರು ತಿಳಿ ಇರಲಿ."

ಆಯ್ತು ಅಂತ ತಲೆಯಾಡಿಸಿದೆ. ಆರಿಂಚಿನಿಂದ ಕಾಣದ ಹಾಗೆ ಮಾಡಲು ಬಾರದವರು ಮಾಡಿಕೊಂಡ ನಿಯಮ ಇದು ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಎರಡು ಶನಿವಾರ ಹಿಡಿಯಿತು. ಆ ಜನ ಎರಡೂ ಕಡೆಯಿಂದ ಕೊರೆದು ನಡುವೆ ತೂತು ಕೂಡಿಸುತ್ತಿದ್ದರು. ನಾನೂ ಮರಳು ಹಾಕಿ ಹಾಗೇ ಕೊರೆದೆ. ಅಂಚು ಸವೆಸಿದೆ. ಕೊನೆಗೆ ನಮ್ಮ ಮೈಸೂರಿನ ಉಪಾಯ: ಗಟ್ಟಿ ಚಹಾ ಡಿಕಾಕ್ಷನ್ನಿನಲ್ಲಿ ಮೂರು ದಿನ ಮುಳುಗಿಸಿಟ್ಟೆ. ನಿನ್ನೆ ಮಾಡಿದ ಕುರ್ಚಿಗೆ ನೂರು ವರ್ಷ ವಯಸ್ಸು ಕೊಡುವ ಡಿಕಾಕ್ಷನ್ ಅದು. ಚಿಪ್ಪಿಗೆ ಸಾವಿರ ವರ್ಷ ಕೊಟ್ಟಿತು.

ಅದನ್ನು ಮೇಡಂ ಕೆಲಸದ ಕೋಣೆಗೆ ಒಯ್ದ ದಿನ ಅವರು ಹೊರಗೆ ಫೋನಿನಲ್ಲಿದ್ದರು. ಮೇಜಿನ ಮೇಲೆ ಟ್ರೇಯಲ್ಲಿ ಮೂವತ್ತೂ ಒಣಗುತ್ತಿದ್ದವು. ನಂಬರು ಹಾಕುವುದು ಸೋಮವಾರಕ್ಕೆ ಅಂತ ಇಟ್ಟುಕೊಂಡಿದ್ದರು. ನನ್ನದನ್ನು ನಡುವೆ ಇಟ್ಟು, ಎಲ್ಲವನ್ನೂ ಅತ್ತಿತ್ತ ಕಲೆಸಿ, ಕೈ ಕಟ್ಟಿ ನಿಂತೆ.

"ಎಲ್ಲಿ ಅಂಕಲ್, ತಂದ್ರಾ?"

"ಅಲ್ಲೇ ಇದೆ. ಆರಿಂಚಿಂದ ನೋಡಿ ಹೇಳಿ."

ಭೂತಗನ್ನಡಿ ಹಿಡಿದು ಬಗ್ಗಿದರು. ಕಾಲು ಗಂಟೆ ನೋಡಿ ಒಂದನ್ನು ತೋರಿಸಿದರು. ಅಲ್ಲ ಅಂದೆ. ಇನ್ನೊಂದು. ಅದೂ ಅಲ್ಲ. ನನ್ನ ಎದೆ ಒಂದಿಂಚು ಅಗಲವಾಯಿತು.

"ಸರಿ, ಸೋತೆ. ಯಾವುದು, ಎತ್ತಿಕೊಡಿ."

ಕೈ ಚಾಚಿದೆ. ಕೈ ಅಲ್ಲೇ ನಿಂತಿತು. ಮೂವತ್ತೊಂದು ಚಿಪ್ಪುಗಳು ಒಂದೇ ಮುಖ ಮಾಡಿಕೊಂಡು ನನ್ನನ್ನು ನೋಡುತ್ತಿದ್ದವು. 'ಅಲ್ಲ' ಅಂದಿದ್ದೆನಲ್ಲ, ಅವೆರಡರಲ್ಲಿ ಒಂದು ನನ್ನದೇ ಇರಬಹುದು ಅಂತ ಆಗ ಅನ್ನಿಸಿತು.

ಮೇಡಂ ಭೂತಗನ್ನಡಿ ಕೆಳಗಿಟ್ಟರು. "ತಮಾಷೆ ಮಾಡ್ತಿಲ್ಲ ತಾನೇ? ಮುಂದಿನ ವಾರ ಕಳಿಸಬೇಕು. ಒಳಗೆ ಒಂದು ಹೊಸದಿದೆ, ಯಾವುದೋ ಗೊತ್ತಿಲ್ಲ ಅಂತ ಬರೆದ್ರೆ ಎಲ್ಲಾನೂ ಸುಳ್ಳು ಅಂತಾರೆ ಅಂಕಲ್. ಮುಚ್ಚಿಟ್ರೆ ನಾನು ಸುಳ್ಳಿ. ಒಂದೊಂದನ್ನೂ ಕೆರೆದು ಲ್ಯಾಬಿಗೆ ಕೊಡಬೇಕಾಗತ್ತೆ."

ಸಾವಿರ ವರ್ಷ ಮಣ್ಣಿನಲ್ಲಿ ಉಳಿದದ್ದನ್ನು ನನ್ನ ಜಂಬಕ್ಕಾಗಿ ಕೆರೆಯಬೇಕು. ತೊಳೆಯುವ ಮುಂಚಿನ ಫೋಟೋ ಹುಡುಕಿ ನೋಡಿದರೆ ಎಲ್ಲವೂ ಮಣ್ಣು ಮೆತ್ತಿಕೊಂಡು ರಾಶಿ ಬಿದ್ದಿದ್ದವು. ಬೆಳಕಿಗೆ ಹಿಡಿದೆವು, ತೂಗಿದೆವು. ಮೂಸಿಯೂ ನೋಡಿದೆ, ಚಹಾ ವಾಸನೆ ಬರಬಹುದು ಅಂತ. ಚೆನ್ನಾಗಿ ತೊಳೆದಿದ್ದೆ. ಜೀವನದಲ್ಲಿ ಮೊದಲ ಸಲ ನನ್ನ ಕೆಲಸದಲ್ಲಿ ಒಂದು ತಪ್ಪು ಸಿಗಲಿ ಅಂತ ಬೇಡಿಕೊಂಡೆ.

ಕಣ್ಣು ಸೋತಾಗ ಉಸ್ತಾದರು ಬೆರಳಿಗೆ ಬಿಡು ಅನ್ನುತ್ತಿದ್ದರು. ಒಂದೆಳೆ ರೇಷ್ಮೆ ದಾರ ಕೇಳಿ ತಗೊಂಡು ಕಣ್ಣು ಮುಚ್ಚಿದೆ. ಒಂದೊಂದು ಚಿಪ್ಪಿನ ತೂತಿಗೂ ಪೋಣಿಸಿ ಮೆಲ್ಲಗೆ ತೂಗುಬಿಟ್ಟೆ. ಮೊದಲನೆಯದರಲ್ಲಿ ದಾರ ತಾನಾಗಿ ಜರುಗಿ ತೂತಿನ ಮೇಲಂಚಿನ ಒಂದು ಜಾಗದಲ್ಲಿ ಕೂತಿತು. ಎರಡನೆಯದರಲ್ಲೂ. ಮೂರನೆಯದರಲ್ಲೂ ಅದೇ. ಅಲ್ಲೊಂದು ಸಣ್ಣ ಕೊರಕಲು ಇತ್ತು, ಕಣ್ಣಿಗೆ ಸಿಗದಷ್ಟು. ಯಾರೋ ಅದನ್ನು ಹೊದ್ದು ನಡೆದಿದ್ದರು, ಕೂತಿದ್ದರು, ಎದ್ದಿದ್ದರು. ಚಿಪ್ಪಿನ ಭಾರಕ್ಕೆ ದಾರ ಉಜ್ಜಿ ಉಜ್ಜಿ ಮಾಡಿಕೊಂಡ ದಾರಿ.

ಹತ್ತೊಂಬತ್ತನೆಯದರಲ್ಲಿ ದಾರ ಎಲ್ಲೂ ಕೂರಲಿಲ್ಲ. ಎಡಕ್ಕೆಳೆದರೆ ಎಡಕ್ಕೆ, ಬಲಕ್ಕೆಳೆದರೆ ಬಲಕ್ಕೆ ಜಾರಿತು.

"ಇದು ನನ್ನದು ಮೇಡಂ. ಇದನ್ನ ಯಾರೂ ಹಾಕ್ಕೊಂಡಿಲ್ಲ."

ಮೇಡಂ ಉಳಿದ ಹನ್ನೆರಡನ್ನೂ ತಾವೇ ದಾರ ಹಾಕಿ ನೋಡಿದರು. ಎಲ್ಲದರಲ್ಲೂ ದಾರ ಕೂತಿತು. ಆಮೇಲೆ ಸಣ್ಣ ಮೊನೆಯ ಪೆನ್ನು ನನ್ನ ಕೈಗಿಟ್ಟರು. "ಇದರ ಹಿಂದೆ ಬರೀರಿ. ಹೊಸದು ಅಂತ. ಕೆಳಗೆ ನಿಮ್ಮ ಹೆಸರಿನ ಮೊದಲ ಅಕ್ಷರ."

"ಇಂಗ್ಲಿಷಲ್ಲಾ?"

"ಹೊಸದು ಅನ್ನೋದನ್ನ ಇಂಗ್ಲಿಷಲ್ಲಿ ಬರೀರಿ. ನಿಮ್ಮ ಅಕ್ಷರ ನಿಮ್ಮಿಷ್ಟ."

ಕನ್ನಡದಲ್ಲೇ ಹಾಕಿದೆ. ಆ ದೇಶದಲ್ಲಿ ಯಾರಾದರೂ ಪಂಡಿತರು ಅದನ್ನು ಓದಲು ಒದ್ದಾಡಲಿ, ನಾನೂ ಅರ್ಧ ದಿನ ಒದ್ದಾಡಿದ್ದೇನೆ. ಮೈಸೂರಿನಲ್ಲಿ ಕೂರಿಸಿದ ಅಷ್ಟು ಆನೆ, ನವಿಲುಗಳ ಹಿಂದೆ ಅಂಗಡಿಯವನ ಚೀಟಿ ಇರುತ್ತಿತ್ತು, ನನ್ನದೇನೂ ಇರುತ್ತಿರಲಿಲ್ಲ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಚಹಾ ಸೋಸುತ್ತಲೇ ಕೇಳಿದಳು: "ಅಲ್ಲಾರೀ, ಮಾಡಿದ್ದಕ್ಕೆ ಜನ್ಮದಲ್ಲಿ ಒಂದು ಸಹಿ ಹಾಕಿದ್ರಿ, ಅದೂ ಇದು ಅಸಲಿ ಅಲ್ಲ ಅಂತ ಹೇಳಕ್ಕಾ?"