ಅಂಜೂರ ಕುದಿಯುವ ಸದ್ದು

ಇಡೀ ಬೀದಿಗೆ ಅವಳು ಟೈಲರಜ್ಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದೆ ಅಡುಗೆಮನೆ, ಅದರ ಕಿಟಕಿಗೆ ಒರಗಿದಂತೆ ಅಂಜೂರದ ಮರ. ಮರ ಅವಳ ಅಮ್ಮ ನೆಟ್ಟದ್ದು. ಹಣ್ಣು ಮಾಗುವ ಕಾಲದ ಮಧ್ಯಾಹ್ನಗಳಲ್ಲಿ ಎಲೆಗಳ ಹಸಿರು ಬೆಳಕು ಒಳಗೆ ಇಳಿದು, ಪಾತ್ರೆಗಳೆಲ್ಲ ಕೊಳದ ತಳದಲ್ಲಿ ಮಲಗಿದಂತೆ ಕಾಣುತ್ತಿದ್ದವು.

ಜಾಮ್ ಕುದಿಯುವಾಗ ಆ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಅಮ್ಮ ಕಲಿಸಿದ್ದು ಹಾಗೆ: ಪಾಕವನ್ನು ನೋಡಬೇಡ, ಕೇಳು. ಮೊದಲು ಗುಳುಗುಳು, ಆಮೇಲೆ ಕೊತಕೊತ. ಹದ ಬಂದಾಗ ಒಂದೊಂದೇ ಗುಳ್ಳೆ ತೊಪ್... ತೊಪ್... ಎನ್ನುತ್ತದೆ, ನಿದ್ದೆಗಣ್ಣಿನಲ್ಲಿ ನಡೆಯುವವರ ಹೆಜ್ಜೆಯಂತೆ. ಆಗ ಒಲೆ ಆರಿಸಬೇಕು.

ಹೋದ ವರ್ಷ ತಳ ಹಿಡಿಯಿತು. ಆ ತೊಪ್ ಸದ್ದು ಬಸ್ ಓಡಿಸುವ ಮಗನಿಗೆ ಕೇಳಿತ್ತು, ಕಾಲೇಜಿನ ಮೊಮ್ಮಗಳಿಗೂ ಕೇಳಿತ್ತು. ಆದರೆ ಮಾತಾಡುವಂತಿಲ್ಲವಲ್ಲ! ಅಜ್ಜಿ ಸೌಟು ತಿರುವುತ್ತಲೇ ಇದ್ದಳು, ಇವರು ತುಟಿ ಕಚ್ಚಿಕೊಂಡು ನಿಂತೇ ಇದ್ದರು. ಸೀದ ವಾಸನೆ ಎದ್ದಾಗ ಅಜ್ಜಿ, "ಈ ಸಲ ಹಣ್ಣೇ ಸರಿಯಿಲ್ಲ" ಎಂದುಬಿಟ್ಟಳು. ಆ ಕಹಿಯನ್ನು ಮನೆಯವರು ಕಮಕ್ ಕಿಮಕ್ ಎನ್ನದೆ ತಿಂದು ಮುಗಿಸಿದರು.

ಕಿವಿ ಮಂದವಾದದ್ದು ಅಜ್ಜಿಗೆ ಗೊತ್ತಿತ್ತು. ಬಾಯಿಬಿಟ್ಟರೆ ಸೌಟು ಕಿತ್ತುಕೊಂಡು ಮೂಲೆಯಲ್ಲಿ ಕೂರಿಸುತ್ತಾರೆ, ಅಮ್ಮನ ಒಲೆಯೆದುರು ತಾನು ನೆಂಟಳಾಗಿಬಿಡುತ್ತೇನೆ ಎಂಬ ಭಯ.

ಈ ವರ್ಷ ಕೊಂಬೆ ಬಾಗುವಷ್ಟು ಹಣ್ಣು. ಮಗ ಬುಟ್ಟಿ ಇಳಿಸಿ, "ನಿನ್ನ ಮರಕ್ಕೆ ಹೋದ ವರ್ಷದ್ದು ನೆನೆದು ನಾಚಿಕೆ ಆಗಿರಬೇಕಮ್ಮ" ಎಂದ.

"ಮರಕ್ಕೆ ಯಾಕೋ ನಾಚಿಕೆ? ಆ ಬೋಳು ತಲೆ ಇಟ್ಕೊಂಡು ನೀನು ಊರೆಲ್ಲ ತಿರುಗ್ತಿಲ್ವಾ?"

ಮೊಮ್ಮಗಳು ಹಣ್ಣು ಹೆಚ್ಚಿದಳು. ಪಾತ್ರೆ ಒಲೆಗೇರಿತು, ಮಾತು ನಿಂತಿತು. ಅಜ್ಜಿ ಕಣ್ಣು ಮುಚ್ಚಿ ಕಿವಿಗೊಟ್ಟಳು. ಬಂದದ್ದು ಪಾಕದ ಸದ್ದಲ್ಲ. ಎಂದೋ ಇದೇ ಒಲೆಯ ಮುಂದೆ ಆಡುತ್ತಿದ್ದ ಅಮ್ಮನ ಬಳೆಗಳದ್ದು. ಅದರೊಳಗೇ ತೇಲುತ್ತಾ ಇದ್ದುಬಿಡಬಹುದಿತ್ತು. ಅಷ್ಟರಲ್ಲಿ ಬಿಸಿ ಹಬೆ ಮುಖಕ್ಕೆ ಬಡಿಯಿತು, ಹೋದ ವರ್ಷದ ಸೀದ ವಾಸನೆ ನೆನಪಾಯಿತು.

"ಪುಟ್ಟೀ, ಏನಂತಿದೆ ಹೇಳೇ. ನಂಗೆ ಕೇಳಿಸ್ತಿಲ್ಲ."

ಮಗ ಕಿಟಕಿಯ ಕಡೆ ಮುಖ ತಿರುಗಿಸಿದ.

"ಕೊತಕೊತ ಅಂತಿದೆ ಅಜ್ಜಿ."

"ಜೋರಾಗಿ ಹೇಳೇ, ಗಂಟಲಲ್ಲಿ ಅಂಜೂರ ಸಿಕ್ಕಿದೆಯಾ?"

"ಕೊತಕೊತ!"

ಎಲೆಗಳ ನೆರಳು ಗೋಡೆಯ ಮೇಲೆ ಮೆಲ್ಲಗೆ ಈಜಿತು. ಸೌಟು ಸುತ್ತುತ್ತಲೇ ಇತ್ತು.

"ಈಗ ನಿಧಾನ ಆಯ್ತು... ತೊಪ್... ಅಜ್ಜೀ, ತೊಪ್!"

ಅಜ್ಜಿ ಒಲೆ ಆರಿಸಿ ತಟ್ಟೆಗೆ ಒಂದು ಹನಿ ಬಿಟ್ಟಳು. ಹನಿ ಹರಿಯಲಿಲ್ಲ. ಕೆಂಪಗೆ, ದುಂಡಗೆ ಕೂತಿತು.

"ಹೋದ ವರ್ಷಾನೇ ಕೇಳಬಾರದಿತ್ತಾ?" ಎಂದ ಮಗ.

"ನೀವು ಹೇಳಬಾರದಿತ್ತಾ? ಬಾಯಿಗೆ ಹೊಲಿಗೆ ಹಾಕಿತ್ತಾ?"

"ಹಾಕಿದ ಟೈಲರ್ ಯಾರಮ್ಮ ಮತ್ತೆ?"

ಅಜ್ಜಿ ನಕ್ಕಳು. ನಗುತ್ತಲೇ ಮೊಮ್ಮಗಳನ್ನು ಇನ್ನೂ ಹತ್ತಿರಕ್ಕೆ ಎಳೆದು ನಿಲ್ಲಿಸಿಕೊಂಡಳು. ಬುಟ್ಟಿಯಲ್ಲಿ ಇನ್ನೂ ಅರ್ಧದಷ್ಟು ಹಣ್ಣಿತ್ತು, ಸೌಟು ಅಜ್ಜಿಯ ಕೈಯಲ್ಲೇ ಇತ್ತು.